ಕಿವಿಗೆ ಮೂರು ಓಲೆ

ಹನ್ನೆರಡನೇ ತಿಂಗಳು, ಇಪ್ಪತ್ತಾರು. ಬೀಜಿಂಗ್.

ನಿನ್ನೆ ನಮ್ಮ ಎಳೆಯ ದೊರೆ ಪಟ್ಟ ಬಿಟ್ಟನಂತೆ. ನಮ್ಮ ಮಂಚೂ ಜನರ ಆಳ್ವಿಕೆ ಮುಗಿಯಿತು. ಸಿಪಾಯಿಯಾದ ಗಂಡನಿಗೆ ಸಂಬಳವಾಗಿ ಬರುವ ಅಕ್ಕಿ ಈ ತಿಂಗಳು ಬಂದಿಲ್ಲ. ಅತ್ತೆಗೆ ಮಾತ್ರ ನನ್ನ ಕಿವಿಯದೇ ಚಿಂತೆ.

"ಮೂರು ಓಲೆ ಕಂಡ್ರೆ ಮಂಚೂ ಅಂತ ಗೊತ್ತಾಗತ್ತೆ. ಬೇರೆ ಊರಲ್ಲಿ ದಂಗೆ ಎದ್ದ ಹಾನ್ ಜನ ನಮ್ಮೋರನ್ನ ಹುಡುಕಿ ಕೊಂದ್ರಂತೆ," ಎಂದು ಬೆಳಿಗ್ಗೆ ಒಂದೊಂದು ಕಿವಿಯ ಎರಡೆರಡು ತೂತಿಗೆ ಕಣಕ ಮೆತ್ತಿದರು. ಹಾನ್ ಹೆಂಗಸರಂತೆ ಕಿವಿಗೆ ಒಂದೇ ಓಲೆ ಹಾಕಿಕೊಂಡು ಕೆಲಸ ಕೇಳಲು ಹೋದೆ.

ಕಾಲ್ಜೋಡಿನ ಅಂಗಡಿಯ ಚಿಯಾವ್ ಹಾನ್ ಹೆಂಗಸು. ನನ್ನನ್ನು ತಲೆಯಿಂದ ಕೆಳಗಿನವರೆಗೆ ನೋಡಿ ನಕ್ಕಳು. "ಕಿವಿಯ ತೂತು ಮುಚ್ಕೊಂಡೆ, ಸರಿ. ಈ ಕಾಲನ್ನ ಎಲ್ಲಿ ಬಚ್ಚಿಡ್ತೀಯೇ?"

ಹಾನ್ ಜನ ಎಳವೆಯಲ್ಲೇ ಹೆಣ್ಣುಮಕ್ಕಳ ಪಾದ ಕಟ್ಟಿ ಮೊಟಕು ಮಾಡುತ್ತಾರೆ. ನಾವು ಕಟ್ಟುವುದಿಲ್ಲ. ಅದು ಅತ್ತೆಗೂ ಹೊಳೆದಿರಲಿಲ್ಲ, ನನಗೂ.

ನಗು ನಿಂತ ಮೇಲೆ ಆಕೆಯೇ ಹೇಳಿದಳು. "ಊರೆಲ್ಲ ನಡೆದು ಜೋಡು ತಲುಪಿಸೋಕೆ ನಮ್ಮ ಹೆಂಗಸರ ಕೈಲಾಗಲ್ಲ. ನಾಳೆಯಿಂದ ಬಾ."

ಮನೆಗೆ ಬಂದು ಕಣಕ ತೊಳೆದು ಮೂರೂ ಓಲೆ ಹಾಕಿಕೊಂಡೆ.

"ಸಾಯ್ಬೇಕು ಅಂತಿದೀಯೇನೇ?" ಎಂದರು ಅತ್ತೆ.

"ಕಾಲು ಹೇಗಿದ್ರೂ ನಿಜ ಹೇಳತ್ತೆ ಅತ್ತೆ. ಕಿವಿ ಒಂದು ಯಾಕೆ ಸುಳ್ಳು ಹೇಳ್ಬೇಕು?"

ನಾನಿದನ್ನು ಬರೆಯುತ್ತಿರುವಾಗ ಅತ್ತೆ ಎದುರಿಗೇ ಕೂತು, ನನ್ನ ಸವೆದ ಜೋಡಿಗೆ ಹೊಸ ಅಟ್ಟೆ ಹೊಲಿಯುತ್ತಿದ್ದಾರೆ.