ಆ ಹುಡುಗಿಯನ್ನು ಶುಕ್ರವಾರ ವೇದಿಕೆ ಹತ್ತಿಸಬೇಡಿ

ಮಾನ್ಯ ಠಾಣಾಧಿಕಾರಿಗಳೇ,

ಬರುವ ಶುಕ್ರವಾರ ಮಧ್ಯಾಹ್ನ ಒಂದು ಸಿನಿಮಾದ ಇಪ್ಪತ್ತೈದನೇ ದಿನದ ಸಂಭ್ರಮವಿದೆ. ಅಂದು ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಥಿಯೇಟರಿನ ಮುಂದೆ ಹಾಕಿದ ವೇದಿಕೆ ಹತ್ತಿ, ನಾಯಕನಟನ ಕಟೌಟಿಗೆ ಕೈಮುಗಿದು, ತಪ್ಪಾಯಿತು ಎನ್ನಬೇಕೆಂದು ತಾವು ಇತ್ಯರ್ಥ ಮಾಡಿದ್ದೀರಿ. ಆಕೆ ಮಾಡಿದ ಅಪರಾಧವೇನು? ಸಿನಿಮಾ ಹೇಗಿದೆ ಎಂದು ಕೇಳಿದವನಿಗೆ ಉತ್ತರ ಹೇಳಿದ್ದು. ಕೇಳಿದವನು ನಾನು. ನನಗೆ ಹೆದರಿಕೆಯಾಗಿದೆ, ಸಾಹೇಬರೇ. ಅದನ್ನು ಮುಚ್ಚಿಟ್ಟು ಶೂರನಂತೆ ಬರೆಯುವ ತಾಕತ್ತು ನನ್ನಲ್ಲಿ ಉಳಿದಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರರಲ್ಲಿ ಒಂದು ಎಂದರೆ ಸಾಕು. ಯಾವ ಠಾಣೆ ಎಂಬುದು ತಮಗೆ ಗೊತ್ತು. ಹುಡುಗಿಯ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆದೇ ಈ ಅನಾಹುತವಾಗಿದೆ.

ನನ್ನ ಕೆಲಸದ ಬಗ್ಗೆ ತಮಗೆ ಅಂಥ ಮರ್ಯಾದೆಯೇನೂ ಇಲ್ಲ ಎಂಬುದು ಠಾಣೆಯಲ್ಲೇ ಗೊತ್ತಾಯಿತು. ಕೊಲೆ, ದರೋಡೆ ಬರೆಯುವವರು ಪತ್ರಕರ್ತರು, ನೀವು ಹೀರೋಯಿನ್ ಸೀರೆಯ ಬಣ್ಣ ಬರೆಯುವವರಲ್ಲವೇ ಎಂದು ನಕ್ಕಿರಿ. ನಿಜ. ಹತ್ತೊಂಬತ್ತು ವರ್ಷ ಸೀರೆಯ ಬಣ್ಣ ಬರೆದಿದ್ದೇನೆ. ಧಾರಾವಾಹಿಯ ಅತ್ತೆ ಮುಂದಿನ ವಾರ ಬದುಕುತ್ತಾಳೋ ಸಾಯುತ್ತಾಳೋ ಎಂಬುದನ್ನೂ ಬರೆದಿದ್ದೇನೆ. ನಿಂಬರ್ಗಾದಲ್ಲಿ ತೊಗರಿ ಕೊಯ್ಯುವ ಹೆಣ್ಣುಮಕ್ಕಳು ಕುಡುಗೋಲು ಕೈಯಲ್ಲಿರುವಂತೆಯೇ ನನ್ನನ್ನು ನಿಲ್ಲಿಸಿ ಅದನ್ನು ವಿಚಾರಿಸಿದ್ದುಂಟು. ಬೆಂಗಳೂರಿನ ಸಿನಿಮಾ ವರದಿಗಾರರಿಗೆ ಪ್ರೆಸ್ ಮೀಟು, ನಟರ ಪಕ್ಕದ ಕುರ್ಚಿ, ಮೇಲೊಂದು ಊಟ. ನಮ್ಮ ಕಡೆ ಯಾವ ನಟ ಬಂದಾನು? ನನಗೆ ಸಿಕ್ಕಿದ್ದು ಪ್ರೇಕ್ಷಕರು ಮಾತ್ರ. ಮೊದಲ ದಿನದ ಆಟದ ಇಂಟರ್ವಲ್‌ನಲ್ಲಿ ಮಿರ್ಚಿಭಜಿ ಗಾಡಿಯ ಹತ್ತಿರ ನಿಂತು, ಹೆಂಗದ ಸಿನಿಮಾ ಎಂದು ಕೇಳುವುದು, ಅವರು ಹೇಳಿದ್ದನ್ನು ಹಾಗೆಯೇ ಬರೆದು, ಫೋಟೋ, ಹೆಸರು, ಊರು, ಮಾಡುವ ಕೆಲಸ ಎಲ್ಲ ಸೇರಿಸಿ ಶನಿವಾರದ ಸಿನಿಮಾ ಪುಟದಲ್ಲಿ ಹಾಕುವುದು. 'ಇಂಟರ್ವಲ್ ಮಾತು' ಎಂದು ಆ ಅಂಕಣದ ಹೆಸರು.

ಪೂರ್ತಿ ವಿಳಾಸ ಹಾಕಬೇಕೆಂಬುದು ನನ್ನದೇ ಹಟ. 'ಒಬ್ಬ ಪ್ರೇಕ್ಷಕಿ' ಎಂದರೆ ಸಾಲದೇ ಎಂದು ಸಂಪಾದಕರು ಮೊದಲೇ ಕೇಳಿದ್ದರು. ನಮ್ಮ ಮಂದಿಯ ಹೆಸರು ಪೇಪರಿನಲ್ಲಿ ಬರುವುದು ಟಂಟಂ ಆಟೊ ಪಲ್ಟಿಯಾದಾಗ, ಇಲ್ಲವೇ ಬಾವಿಗೆ ಬಿದ್ದಾಗ. ಸಿನಿಮಾ ನೋಡಿ ನಕ್ಕಿದ್ದಕ್ಕೂ ಬರಲಿ ಬಿಡಿ ಎಂದು ವಾದ ಮಾಡಿದ್ದೆ. ಅಫಜಲಪುರದಲ್ಲಿ ಬಳೆ ಮಾರುವ ಗಂಗಾಬಾಯಿ ತಮ್ಮ ಫೋಟೋ ಬಂದ ತುಣುಕಿಗೆ ಲ್ಯಾಮಿನೇಷನ್ ಮಾಡಿಸಿ ಬಳೆಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದಾರೆ. ಕೊಳಕೂರಿನ ಶಿವಪ್ರಕಾಶನಿಗೆ ಅಂಕಣದ ಫೋಟೋ ನೋಡಿಯೇ ಹೆಣ್ಣಿನ ಕಡೆಯವರು ಬಂದರು. ಇವರಿಬ್ಬರ ಹೆಸರನ್ನು ಅವರನ್ನು ಕೇಳಿಯೇ ಬರೆದಿದ್ದೇನೆ. ಕೇಳಬೇಕು ಎಂಬ ಬುದ್ಧಿ ನನಗೆ ಈ ತಿಂಗಳು ಬಂತು.

ಆ ಹುಡುಗಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅವತ್ತು ಗೆಳತಿಯ ಜೊತೆ ಸಿನಿಮಾಕ್ಕೆ ಬಂದಿದ್ದಳು. ನಾನು ಕೇಳಿದ್ದಕ್ಕೆ ಹೇಳಿದಳು: "ಹೀರೋ ಆಕಿ ಹಿಂದ ಬೀಳ್ತಾನ, ದಾರಿ ಕಟ್ತಾನ, ಒಲ್ಲೆ ಅಂದ್ರೂ ಬಿಡಂಗಿಲ್ಲ. ಅದಕ್ಕ ಎಲ್ಲಾರೂ ಸೀಟಿ ಹೊಡ್ಯಾಕತ್ತಾರ್ರಿ. ನನಗ ಬಸ್‌ಸ್ಟ್ಯಾಂಡಿನ್ಯಾಗ ದಿನಾ ಹಿಂಗಾ ಆಗ್ತದ. ಅದು ಪ್ರೀತಿ ಅಲ್ರಿ, ಕಾಟ."

ಅಯ್ಯೋ, ನನಗೆಷ್ಟು ಖುಷಿಯಾಯಿತೆಂದರೆ! ಎಷ್ಟೋ ವರ್ಷ ಫೈಟ್ ಛಲೋ ಅದ, ಹಾಡು ಛಲೋ ಅದ ಎಂಬುದನ್ನೇ ಬರೆದುಕೊಂಡು ಬಂದವನಿಗೆ ಇಂಥ ಮಾತು ಸಿಕ್ಕಿತ್ತು. ಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿಸಿದೆ. ಪಕ್ಕದಲ್ಲಿ ಆಕೆಯ ಫೋಟೋ. ಕೆಳಗೆ ಹೆಸರು, ಹಳ್ಳಿ, ಅಂಗಡಿಯ ಹೆಸರು, ಅದು ಯಾವುದರ ಎದುರಿಗಿದೆ ಎಂಬುದು ಕೂಡ. ಬಸ್‌ಸ್ಟ್ಯಾಂಡಿನಲ್ಲಿ ತನಗೆ ಕಾಟವಿದೆ ಎಂದು ಬಾಯಿಬಿಟ್ಟು ಹೇಳಿದ ಹುಡುಗಿಯ ಪೂರ್ತಿ ಪತ್ತೆಯನ್ನು ನಾನು ಊರಿಗೆಲ್ಲ ಹಂಚಿದೆ. ಇಂಥ ತಪ್ಪನ್ನು ನನ್ನಂಥ ಹಳೆ ಕೈ ಅಲ್ಲದೆ ಇನ್ಯಾರು ಮಾಡಿಯಾರು?

ಸೋಮವಾರ ಬೆಳಿಗ್ಗೆ ಅಭಿಮಾನಿ ಸಂಘದವರು ಹನ್ನೊಂದು ಬೈಕುಗಳಲ್ಲಿ ಆ ಅಂಗಡಿಗೆ ಬಂದರು. ಬೈಯಲಿಲ್ಲ, ಕೈ ಮಾಡಲಿಲ್ಲ. ಆಕೆಯದೇ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಹೇಸಿ ಮಾತು ಬರೆದು, ನೂರು ಕಾಪಿ ತೆಗೆಯಿರಿ ಮೇಡಂ ಎಂದು ಕೊಟ್ಟರು. ಮಾಲೀಕರು ಗಿರಾಕಿಗಳ ಮುಖ ನೋಡಿದರು, ಬೈಕುಗಳನ್ನು ನೋಡಿದರು, ತೆಗೆದುಕೊಡು ಎಂದರು. ಆ ಹುಡುಗಿ ಮಷೀನಿನ ಮುಂದೆ ನಿಂತು ತನ್ನ ಮುಖವನ್ನು ತಾನೇ ನೂರು ಸಲ ತೆಗೆದು, ಎಣಿಸಿ, ಕೊಟ್ಟಳು. ಸಂಜೆಯ ಹೊತ್ತಿಗೆ ಆ ಹಾಳೆಗಳು ಬಸ್‌ಸ್ಟ್ಯಾಂಡಿನಲ್ಲಿ, ಆಕೆಯ ಹಳ್ಳಿಗೆ ಹೋಗುವ ರಸ್ತೆಯ ಕಂಬಗಳ ಮೇಲೆ ಬಂದಿದ್ದವು. ಅದೇ ಬಸ್ಸಿನಲ್ಲಿ ಆಕೆ ಕಿಟಕಿ ಪಕ್ಕ ಕೂತು ಊರಿಗೆ ಹೋದಳು. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ.

ಬುಧವಾರ ನಾನು ದೂರು ಬರೆದುಕೊಂಡು ತಮ್ಮ ಠಾಣೆಗೆ ಬಂದೆ. ತಾವು ಕೂರಿಸಿದಿರಿ, ಚಹಾ ಕೊಡಿಸಿದಿರಿ. ಆಗಲೇ ಆಕೆಯ ತಂದೆಯನ್ನು ಕರೆಸಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಾಗಿತ್ತು. ಕಾಗದದಲ್ಲಿ ಏನಿತ್ತೆಂದು ಆ ಹಿರಿಯರನ್ನು ಆಮೇಲೆ ಕೇಳಿದರೆ, ಬರೇ ಬಿಳಿ ಇತ್ತು ಎಂದರು. ತಾವು ನನಗೆ ಸಮಾಧಾನ ಹೇಳಿದಿರಿ: "ಏನ್ ಭಾಳ ದೊಡ್ಡ ವಿಷ್ಯಾನ್ರಿ ಇದು? ಹುಡುಗಿ ಸ್ಟೇಜ್ ಮ್ಯಾಲ ಬಂದು ಒಂದು ಸಾರಿ ಅಂದ್ರ ಮುಗೀತು. ಬಂದೋಬಸ್ತ್ ನಾ ಕೊಡ್ತೇನಿ."

ಶಾಂತಿ ಸುವ್ಯವಸ್ಥೆ ಕಾಪಾಡುವ ಎಂಥ ಸುಲಭೋಪಾಯ! ಕಾಟ ಕೊಟ್ಟವರಿಗೆ ವೇದಿಕೆ, ಕಾಟ ತಿಂದವಳಿಗೆ ಮೈಕು, ಸುತ್ತ ಲಾಠಿ ಹಿಡಿದ ಪೊಲೀಸರು. ನೂರಾರು ಗಂಡಸರು ಸೀಟಿ ಹೊಡೆಯುವಾಗ, ಮೊಬೈಲುಗಳು ಆಕೆಯ ಮುಖದತ್ತ ಎದ್ದಾಗ, ತಮ್ಮ ಬಂದೋಬಸ್ತು ಯಾರನ್ನು ಯಾರಿಂದ ಕಾಯುತ್ತದೆ? ಆ ವಿಡಿಯೋ ಆಕೆಯ ಮದುವೆಯ ಮಾತಿಗೂ ಬರುತ್ತದೆ, ಆಕೆಯ ಮಕ್ಕಳ ಮೊಬೈಲಿಗೂ ಬರುತ್ತದೆ. ಮರುದಿನ ಅದೇ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ದಾರಿ ಕಟ್ಟುವವನಿಗೆ ತಾವು ಯಾವ ಕಲಂ ಹಾಕುತ್ತೀರಿ? ಕ್ಷಮೆ ಕೇಳಿದವಳಲ್ಲವೇ ಎಂದು ಅವನು ತಮ್ಮನ್ನೇ ಕೇಳಿದರೆ ಏನು ಹೇಳುತ್ತೀರಿ?

ಇದನ್ನೆಲ್ಲ ನಾನು ಅವತ್ತೇ ತಮ್ಮ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ತಾವು ಇನ್ನೊಂದು ಮಾತು ಹೇಳಿದಿರಿ. ನಾನು ಬರೆಯುವುದು 'ಪರದೆಪ್ರಿಯ' ಎಂಬ ಕಾವ್ಯನಾಮದಲ್ಲಿ. ಸಂಘದವರು ಕಚೇರಿಗೆ ಫೋನ್ ಮಾಡಿ ಮಾಡಿ ಆ ಪರದೆಪ್ರಿಯ ಯಾರು ಎಂದು ಕೇಳುತ್ತಿದ್ದಾರೆ, ತಮ್ಮನ್ನೂ ಕೇಳಿದ್ದಾರಂತೆ. ನಿಮ್ಮ ಖರೆ ಹೆಸರು ನಾನು ಅವರಿಗೆ ಹೇಳುವುದಿಲ್ಲ, ನೀವು ಇದರಿಂದ ದೂರ ಇರಿ ಎಂದಿರಿ. ಆ ಕ್ಷಣ ನನ್ನ ಎದೆ ಹಗುರಾಯಿತು. ದೂರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಚಹಾ ಮುಗಿಸಿ, ತಮಗೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ನಾಚಿಕೆಗೇಡಿನ ಕೆಲಸ ಮಾಡಿದೆ. ಆವತ್ತಿನಿಂದ ಈ ಒಂಬತ್ತು ದಿನವೂ ಬೈಕಿನ ಸಪ್ಪಳ ಕೇಳಿದರೆ ಹತ್ತಿರದ ಅಂಗಡಿ ಹೊಕ್ಕು ಬೇಡದ ಸಾಮಾನಿನ ದರ ಕೇಳುತ್ತ ನಿಲ್ಲುತ್ತೇನೆ. ಹೆಂಡತಿ ಪಂಚಶೀಲಾ, ಇದನ್ನೆಲ್ಲ ಬಿಟ್ಟು ತನ್ನ ತವರಿಗೆ ಹೋಗೋಣ ಎನ್ನುತ್ತಿದ್ದಾಳೆ.

ನಿನ್ನೆ ಆ ಹುಡುಗಿಯ ಮನೆಗೆ ಹೋಗಿದ್ದೆ. ತಪ್ಪಾಯಿತವ್ವಾ ಎಂದೆ. ಆಕೆ ಸಿಟ್ಟು ಮಾಡಲಿಲ್ಲ. ಶುಕ್ರವಾರ ಯಾವ ಡ್ರೆಸ್ ಹಾಕಿಕೊಂಡು ಹೋಗಬೇಕು, ಓಢಣಿ ಮುಖಕ್ಕೆ ಕಟ್ಟಿಕೊಂಡರೆ ನಡೆಯುತ್ತದೆಯೇ ಎಂದು ಕೇಳಿದಳು. ನಾನು ಏಳುವ ಹೊತ್ತಿಗೆ ತಲೆ ಎತ್ತಿ ನೋಡಿ ಕೇಳಿದಳು:

"ಸರ್, ನಮ್ಮ ಹೆಸರು, ಊರು, ಫೋಟೋ ಎಲ್ಲಾ ಹಾಕ್ತೀರಿ. ನಿಮ್ದ್ಯಾಕ ಹಾಕಂಗಿಲ್ರಿ?"

ಕಾರಣವಿದೆ. ಕೆಲಸಕ್ಕೆ ಸೇರಿದಾಗ ಅಂದಿನ ಸಂಪಾದಕರು, ನಿನ್ನ ಹೆಸರು ಓದಿದವರು ಮುಂದೆ ನಿನ್ನ ಓಣಿ ಯಾವುದೆಂದು ಕೇಳಿ ಜಾತಿ ಹಿಡಿಯುತ್ತಾರೆ, ಬೇಡ, ಬೇರೆ ಹೆಸರಿಟ್ಟುಕೋ ಎಂದಿದ್ದರು. ನನಗೂ ಅದು ಸರಿ ಕಂಡಿತ್ತು. ಆದರೆ ಹೆಸರು ಮುಚ್ಚಿಡುವ ಕಾರಣ ಆಕೆಗೂ ಇತ್ತಲ್ಲವೇ? ಆಕೆಯನ್ನು ನಾನು ಕೇಳಿದೆನೇ? ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ, ಮಾನ್ಯರೇ, ಒತ್ತಾಯಿಸಿ ಕೇಳುತ್ತಿದ್ದೇನೆ. ಶುಕ್ರವಾರ ಆ ಹುಡುಗಿ ವೇದಿಕೆ ಹತ್ತಬಾರದು. ಆಕೆಯ ತಂದೆಯ ಸಹಿಯಿರುವ ಬಿಳಿ ಕಾಗದವನ್ನು ತಾವೇ ಅವರ ಕೈಗೆ ಮರಳಿಸಬೇಕು. ಕಂಬಗಳ ಮೇಲಿನ ಹಾಳೆಗಳನ್ನು ನಾನು ಕೀಳಲು ಹೋಗಿ, ಹೆದರಿ, ಅರ್ಧಕ್ಕೇ ಬಂದಿದ್ದೇನೆ. ಉಳಿದವನ್ನು ತಮ್ಮ ಸಿಬ್ಬಂದಿ ಕಿತ್ತು ಸಾಕ್ಷ್ಯವಾಗಿ ಇಟ್ಟುಕೊಳ್ಳಲಿ. ಬಂದೋಬಸ್ತು ಕೊಡುವುದಿದ್ದರೆ ಕಟೌಟಿಗಲ್ಲ, ಆ ಮನೆಗೆ ಕೊಡಿ, ಆಕೆ ಬಸ್ ಹತ್ತುವ ಸ್ಟ್ಯಾಂಡಿಗೆ ಕೊಡಿ. ಜೇಬಿನಲ್ಲಿ ಮಡಚಿಟ್ಟ ದೂರನ್ನು ನಾಳೆ ಹತ್ತು ಗಂಟೆಗೆ ತರುತ್ತೇನೆ. ದಾಖಲು ಮಾಡಿ ರಸೀದಿ ಕೊಡಬೇಕು. ಈ ಪತ್ರವನ್ನು ಸಂಪಾದಕರು ಸಿನಿಮಾ ಪುಟದ ನೆತ್ತಿಯ ಮೇಲೆ, ಅಂಕಣದ ಜಾಗದಲ್ಲೇ ಹಾಕಲು ಒಪ್ಪಿದ್ದಾರೆ. ಸಂಘದವರೂ ಓದುತ್ತಾರೆ. ಅವರು ಫೋನ್ ಮಾಡಿ ಕೇಳುತ್ತಿದ್ದುದಕ್ಕೆ ಉತ್ತರ ಈ ಕೆಳಗಿದೆ. ತಾವು ಇನ್ನು ಮುಚ್ಚಿಡುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ.

ಇಂತಿ, ಹೆದರಿಕೊಂಡೇ ಸಹಿ ಹಾಕುತ್ತಿರುವ,

ಧಮ್ಮಪಾಲ, ತಂದೆ ಹುಲೆಪ್ಪ
ವಯಸ್ಸು ನಲವತ್ತಾರು, ಕೆಲಸ ಸಿನಿಮಾ ವರದಿಗಾರ
ಸ್ವಂತ ಊರು ಇಜೇರಿ. ಈಗ ಬಾಡಿಗೆ ಮನೆ, ಜೇವರ್ಗಿ, ನೀರಿನ ಟ್ಯಾಂಕಿನ ಎದುರು, ಹಸಿರು ಬಾಗಿಲು
(ಫೋಟೋ ಪಕ್ಕದಲ್ಲಿದೆ)