ಓದದೆ ಹಾಕಿದ ಸಹಿ

ಮಾರ್ಚ್ ೧೧, ಮಂಗಳವಾರ

ಇವತ್ತು ಓದದೆ ಸಹಿ ಹಾಕಿದೆ. ಮೂವತ್ತೊಂದು ವರ್ಷದ ವಕೀಲಿಕೆಯಲ್ಲಿ ಇದೇ ಮೊದಲು.

ನಮ್ಮ ದೇಶ ವಿದೇಶಿ ವಕೀಲರಿಗೆ ಬಾಗಿಲು ತೆರೆದು ಎಂಟು ತಿಂಗಳಾಯಿತು. ಕರಾರು ಅವರೇ ಬರೆಯುತ್ತಾರೆ. ಕೊನೆಯ ಪುಟದಲ್ಲಿ ಮಾತ್ರ ಇಲ್ಲಿನ ವಕೀಲನೊಬ್ಬ 'ಓದಿ ಪರಿಶೀಲಿಸಿದ್ದೇನೆ' ಎಂದು ಸಹಿ ಹಾಕಬೇಕು. ನಮಗೆ ಉಳಿದಿರುವುದು ಅಷ್ಟೇ.

ಬಣ್ಣದ ಕಾರ್ಖಾನೆಯ ಯಜಮಾನರು ನನ್ನ ಹಳೆಯ ಕಕ್ಷಿದಾರರು. ಅವರ ಪ್ರತಿ ಕರಾರನ್ನೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಅವರು ತೂಕಡಿಸಿದರೆ ಮೇಜು ಕುಟ್ಟಿ ಎಬ್ಬಿಸುತ್ತಿದ್ದೆ. ಇವತ್ತು ಇನ್ನೂರು ಪುಟ ತಂದು ಮುಂದಿಟ್ಟರು. ನಾನು ಕನ್ನಡಕ ಹುಡುಕುತ್ತಿದ್ದೆ.

"ಓದೋದೇನೂ ಬೇಡ ಸಾರ್, ಅವರೇ ಎಲ್ಲಾ ನೋಡಿದ್ದಾರೆ. ಕೆಳಗೆ ಕಾರು ನಿಂತಿದೆ," ಅಂದರು. ಕೂರಲೂ ಇಲ್ಲ.

ಬೈಯಬೇಕಿತ್ತು. ಇವರೂ ಕೈಬಿಟ್ಟರೆ ಎಂಬ ಭಯದಲ್ಲಿ ಪೆನ್ನು ತೆಗೆದೆ. ಥೂ.

ಸಂಜೆ ಮಗಳು ಕುಣಿಯುತ್ತ ಬಂದಳು. ಆ ಕರಾರು ಬರೆದ ವಿದೇಶಿ ಕಚೇರಿಯಲ್ಲೇ ಅವಳಿಗೆ ಕೆಲಸ ಸಿಕ್ಕಿದೆ. ಸಂದರ್ಶನದಲ್ಲಿ ಏನು ಕೇಳಿದರು ಎಂದೆ.

"ಯಾರ ಹತ್ರ ಕಲಿತೆ ಅಂದ್ರು. ನಮ್ಮಪ್ಪನ ಹತ್ರ, ಅವರು ಓದದೆ ಒಂದು ಸಹಿನೂ ಹಾಕಿದವರಲ್ಲ ಅಂದೆ. ಅದಕ್ಕೇ ತಗೊಂಡ್ರು ಅನ್ಸುತ್ತೆ ಅಪ್ಪ. ಮೊದಲ ವಾರ ಸಹಿಯಾಗಿ ಬಂದ ಕರಾರುಗಳನ್ನ ಜೋಡಿಸೋ ಕೆಲಸ."

ಎದ್ದು ಬಂದು ಈ ಡೈರಿ ತೆಗೆದೆ.

ಕಾಗದ ಕೈಗೆ ಬಂದ ಹೊತ್ತು, ಸಹಿ ಹಾಕಿದ ಹೊತ್ತು, ಎರಡನ್ನೂ ಸಹಿಯ ಪಕ್ಕದಲ್ಲಿ ಬರೆಯುವುದು ನನ್ನ ರೂಢಿ. ಅವಳಿಗೂ ಅದನ್ನೇ ಕಲಿಸಿದ್ದೇನೆ. ಇವತ್ತೂ ಕೈ ತಾನಾಗಿ ಬರೆದುಬಿಟ್ಟಿತು. ಇನ್ನೂರು ಪುಟ, ನಾಲ್ಕು ನಿಮಿಷ. ಅವಳು ಅದನ್ನು ನೋಡುವ ದಿನ ನಾನು…