ಅಪ್ಪನ ಕಡೆಯಿಂದ ಬಂದದ್ದು

ಮಾರ್ಚ್ 4

ಬೆಳಿಗ್ಗೆ ಮೂವರಿಗೆ ಡ್ರೈವಿಂಗ್ ಹೇಳಿಕೊಟ್ಟೆ. ಬ್ಯಾಂಕ್ ಮೇಡಂ ಇವತ್ತೂ ಕ್ಲಚ್ ಬಿಡಲಿಲ್ಲ. ಚಿಕ್ಕಪ್ಪನ ಮಗಳು ಪುಟ್ಟಿ ರಿವರ್ಸ್ ಚೆನ್ನಾಗಿ ತೆಗೆದಳು.

ಮಧ್ಯಾಹ್ನ ಆಸ್ಪತ್ರೆ. ಜೀನ್ ಟೆಸ್ಟಿನ ರಿಸಲ್ಟ್ ಬಂತು. ಪಾಸಿಟಿವ್. ಅಪ್ಪನ ಕಡೆ ಅಜ್ಜಿ, ಸೋದರತ್ತೆ ಇಬ್ಬರೂ ಎದೆ ಕ್ಯಾನ್ಸರಿನಲ್ಲಿ ಹೋಗಿದ್ದು ಸುಮ್ಮನೆ ಅಲ್ಲ. ಆ ಜೀನ್ ತೀರಿಕೊಂಡ ಅಪ್ಪನ ಮೂಲಕ ನನಗೂ ಬಂದಿದೆ.

'ಕಾಯಿಲೆ ಬಂದಿಲ್ಲಮ್ಮ. ಬರೋ ಸಾಧ್ಯತೆ ಜಾಸ್ತಿ. ಮನೆಯವರಿಗೂ ಹೇಳಿ' ಎಂದರು ಡಾಕ್ಟರಮ್ಮ.

ಹೆದರಿಕೆಯಾಯಿತು, ಸುಳ್ಳು ಬರೆಯುವುದೇಕೆ. ಆದರೂ ಸ್ಕ್ಯಾನಿಗೆ ಡೇಟ್ ತೆಗೆದುಕೊಂಡೇ ಬಂದೆ.

ಮಾರ್ಚ್ 5

ಚಿಕ್ಕಪ್ಪನ ಮನೆಗೆ ಹೋಗಿ ಹೇಳಿದೆ. ಚಿಕ್ಕಮ್ಮ ಎದ್ದು ಕಿಟಕಿ ಮುಚ್ಚಿದರು.

'ಮೆಲ್ಲಗೆ ಮಾತಾಡೇ! ಪುಟ್ಟಿಗೆ ಸಂಬಂಧ ಕುದುರ್ತಾ ಇದೆ. ವಂಶದಲ್ಲೇ ಇದೆ ಅಂತ ಗೊತ್ತಾದ್ರೆ ಯಾರು ಹೊಸ್ತಿಲು ತುಳೀತಾರೆ?'

ಚಿಕ್ಕಪ್ಪ: 'ಇಲ್ಲದ ಉಸಾಬರಿ ಯಾಕೆ ಬೇಕಿತ್ತು ನಿಂಗೆ?'

'ನಿಮ್ಗೂ ಇರಬಹುದು ಚಿಕ್ಕಪ್ಪ. ನಿಮ್ಮಿಂದ ಅವಳಿಗೂ.'

'ನಾನು ಗಂಡಸು ಕಣೇ!' ನಕ್ಕರು. ಒಬ್ಬರೇ.

ಮಾರ್ಚ್ 11

ಪುಟ್ಟಿ ಕ್ಲಾಸಿಗೆ ಬರುತ್ತಿಲ್ಲ. ಫೋನೂ ಎತ್ತುತ್ತಿಲ್ಲ. ಗುಟ್ಟು ಎಂದು ಚಿಕ್ಕಮ್ಮ ಯಾರದೋ ಕಿವಿಯಲ್ಲಿ ಊದಿದರಂತೆ... ಬೀದಿಗೆಲ್ಲ ಗೊತ್ತು. ಬ್ಯಾಂಕ್ ಮೇಡಂ ಸೀಟಿಗೆ ಟವಲ್ ಹಾಸಿಕೊಂಡು ಕೂತರು.

'ಅದು... ಅಂಟೋದಲ್ಲ ಅಲ್ವಾ?'

'ಅಂಟುತ್ತೆ ಮೇಡಂ, ಕ್ಲಚ್‌ನಿಂದ. ಮೊದ್ಲು ಕಾಲು ತೆಗೀರಿ.'

ನಕ್ಕುಬಿಟ್ಟರು. ಇಳಿಯುವಾಗ ಟವಲ್ ಮಡಚುತ್ತ ಮೆಲ್ಲಗೆ ಕೇಳಿದರು: 'ನಮ್ಮಕ್ಕನಿಗೂ ಇತ್ತು. ಟೆಸ್ಟ್ ಎಲ್ಲಿ ಮಾಡಿಸಿದ್ರಿ?'

ಹೇಳಿದೆ. ಕೇಳಿದವರಿಗೆಲ್ಲ ಹೇಳುತ್ತೇನೆ ಇನ್ನು.

ಮಾರ್ಚ್ 19

ಸ್ಕ್ಯಾನ್ ಕ್ಲಿಯರ್. ಅಬ್ಬಾ! ಹೊರಗೆ ಬಂದರೆ ಕಾರಿನ ಪಕ್ಕ ಪುಟ್ಟಿ.

'ಅಕ್ಕಾ, ಆ ಹುಡುಗನಿಗೆ ನಾನೇ ಎಲ್ಲಾ ಹೇಳ್ದೆ.'

'ಏನಂದ?'

'ಯೋಚ್ನೆ ಮಾಡ್ತೀನಿ ಅಂದ. ಮಾಡ್ಲಿ ಬಿಡು. ನಾನು ಟೆಸ್ಟ್ ಮಾಡಿಸ್ಕೋತೀನಿ.'

'ಮೊದ್ಲು ನಿಮ್ಮಪ್ಪ ಮಾಡಿಸ್ಬೇಕು ಕಣೇ. ಅವರಿಗೆ ಇಲ್ದಿದ್ರೆ ನಿಂಗೆ ಬೇಕೇ ಇಲ್ಲ ಅಂತಾರೆ ಡಾಕ್ಟರಮ್ಮ.'

'ಅಪ್ಪ ಜಪ್ಪಯ್ಯ ಅಂದ್ರೂ ಬರಲ್ಲ.'

'ಕೇಳು. ಆಗದಿದ್ರೆ ನೀನೇ ಬಾ. ನಾನಿರ್ತೀನಿ.'

ಮಾರ್ಚ್ 26, ಬೆಳಿಗ್ಗೆ

ಆಸ್ಪತ್ರೆ ಬೆಂಚಿನಲ್ಲೇ ಬರೆಯುತ್ತಿದ್ದೇನೆ. ಪುಟ್ಟಿಯನ್ನು ಇನ್ನೂ ಒಳಗೆ ಕರೆದಿಲ್ಲ. ಈಗಷ್ಟೇ ಮೆಟ್ಟಿಲು ಹತ್ತಿ ಚಿಕ್ಕಪ್ಪ ಬಂದರು. ಜಗಳಕ್ಕೇ ಎಂದುಕೊಂಡು ಅಡ್ಡ ನಿಂತೆ — ಈ ಸಲ ಬಗ್ಗುವವಳಲ್ಲ. ನನ್ನನ್ನು ಸುತ್ತಿಕೊಂಡು ಹೋಗಿ ಮಗಳ ಪಕ್ಕ ಧೊಪ್ಪನೆ ಕೂತರು. ಬಾಗಿಲ ಕಡೆ ಬೆರಳು ತೋರಿಸಿದರು.

'ಗಂಡಸರಿಗೂ ಇದೇ ರೂಮಾ?'

'ಹೂಂ' ಎಂದೆ.

ಅಂಗಿಯ ತೋಳು ಮಡಚುತ್ತಿದ್ದಾರೆ. ಪುಟ್ಟಿ ಮುಖ ಆ ಕಡೆ ತಿರುಗಿಸಿಕೊಂಡಿದ್ದಾಳೆ. ನರ್ಸ್ ಕರೆದರು. ಅವಳು ಏಳುವ ಮೊದಲೇ ಚಿಕ್ಕಪ್ಪ ಎದ್ದು ನಿಂತರು.